ಎಣ್ಣೆಯ ಮೇಲೆ ನಿಂತ ಯಂತ್ರಕ್ಕೆ ಒಂದು ಸುತ್ತು

ಹೊರಡುವ ಮುನ್ನ, ಹೆಬ್ಬಾಳ

ನಾನು ಸ್ಲೊವೇನಿಯಾಕ್ಕೆ ಹೋಗುತ್ತಿದ್ದೇನೆ ಎಂದಾಗ ಸಿದ್ಧಾರ್ಥನಗರದ ನಮ್ಮ ಬೀದಿಯಲ್ಲಿ ಅದು ದೇಶವೋ ಔಷಧವೋ ಎಂದು ಯಾರಿಗೂ ಖಚಿತವಾಗಲಿಲ್ಲ. ಎದುರುಮನೆಯ ಲಲಿತಮ್ಮನವರು, "ಮಂಡಿನೋವಿಗೇನಮ್ಮ ಅದು?" ಎಂದೇ ಕೇಳಿಬಿಟ್ಟರು. ಇಟಲಿಯ ಮಗ್ಗುಲಿನ ಪುಟ್ಟ ದೇಶ, ಒಂದು ಯಂತ್ರಕ್ಕೆ ಬೇರಿಂಗ್ ಕೂರಿಸುವ ಕೆಲಸವಿದೆ ಎಂದೆ. ಬೇರಿಂಗ್ ಎಂದ ಕೂಡಲೇ ಅವರಿಗೆ ನೆನಪಾದದ್ದು ಸೈಕಲ್ಲಿನ ಗುಂಡುಗಳು. "ಅಷ್ಟು ಸಣ್ಣ ಗುಂಡು ಕೂರ್ಸೋಕೆ ವಿಮಾನ ಹತ್ತಬೇಕಾ!" ಎಂದು ಮರುಕಪಟ್ಟರು.

ನಾವು ಮಾಡುವ ಬೇರಿಂಗಿನಲ್ಲಿ ಗುಂಡು ಇರುವುದಿಲ್ಲ. ಇರುವುದು ಎಣ್ಣೆ. ನೀರಿನಿಂದ ವಿದ್ಯುತ್ ತೆಗೆಯುವ ದೊಡ್ಡ ಯಂತ್ರಗಳಲ್ಲಿ ಮನೆಗಾತ್ರದ ಚಕ್ರವೊಂದು ನೆಟ್ಟಗೆ ನಿಂತ ದಂಡಕ್ಕೆ ತೂಗಿಕೊಂಡು ತಿರುಗುತ್ತದೆ. ಅದರ ಅಷ್ಟೂ ಭಾರವನ್ನು ಹೊರುವುದು ಒಂದು ಉಕ್ಕಿನ ತಟ್ಟೆ. ತಟ್ಟೆಯ ಕೆಳಗೆ, ಸುತ್ತಲೂ ಜೋಡಿಸಿದ ಹೋಳಿಗೆಯ ತುಂಡುಗಳ ಹಾಗೆ, ಮೆತ್ತನೆಯ ಬಿಳಿ ಲೋಹ ಎರೆದ ಪ್ಯಾಡುಗಳು. ಪ್ರತಿ ಪ್ಯಾಡಿನ ಬೆನ್ನಲ್ಲಿ ಅಂಗಿಯ ಗುಂಡಿಯಂಥ ಒಂದು ಉಕ್ಕಿನ ಗುಂಡಿ. ಅದರ ಮೇಲೆ ಪ್ಯಾಡು ಒಂದಿಷ್ಟೇ ಇಷ್ಟು ವಾಲಬಲ್ಲದು. ಎಲ್ಲವೂ ಎಣ್ಣೆಯಲ್ಲಿ ಮುಳುಗಿರುತ್ತವೆ. ತಟ್ಟೆ ತಿರುಗತೊಡಗಿದರೆ ಎಣ್ಣೆಯನ್ನು ತನ್ನ ಜತೆ ಎಳೆದೊಯ್ಯುತ್ತದೆ. ಪ್ಯಾಡು ಮುಂದಿನ ಅಂಚನ್ನು ಕೊಂಚ ತಗ್ಗಿಸಿ ಎಣ್ಣೆಗೆ ಬಾಗಿಲು ತೆರೆಯುತ್ತದೆ. ಹಿಂದಿನ ಅಂಚಿನಲ್ಲಿ ಸಂದು ಕಿರಿದು. ಅಗಲದಲ್ಲಿ ನುಗ್ಗಿ ಕಿರಿದರಲ್ಲಿ ಇಕ್ಕಟ್ಟಿಗೆ ಸಿಕ್ಕ ಎಣ್ಣೆ ತಟ್ಟೆಯನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಆಮೇಲೆ ಲೋಹ ಲೋಹವನ್ನು ಮುಟ್ಟುವುದೇ ಇಲ್ಲ. ಎಣ್ಣೆಯ ಆ ಪದರ ತಲೆಗೂದಲಿಗಿಂತ ತೆಳು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇದೇ ಲೆಕ್ಕ ಮಾಡುತ್ತಿದ್ದೇನೆ. ಲೆಕ್ಕ ಸರಿಯಾಗಿ ಬಂದಾಗಲೆಲ್ಲ ಇದು ಹೇಗೆ ಸಾಧ್ಯ ಎಂದು ಈಗಲೂ ಬೆರಗಾಗುತ್ತೇನೆ.

ಹೆಬ್ಬಾಳದಲ್ಲಿ ನಮ್ಮ ಶೆಡ್ಡಿದೆ. ಮಾಲೀಕರು ಮಹದೇವಣ್ಣ, ಬನ್ನೂರು ಕಡೆಯ ಒಕ್ಕಲು ಮನೆತನದವರು. ಫಿಟ್ಟರಾಗಿ ಶುರು ಮಾಡಿ, ಸ್ವಂತ ಶೆಡ್ಡು ಹಾಕಿ, ಕುವೆಂಪುನಗರದಲ್ಲಿ ಮನೆ ಕಟ್ಟಿಸಿದವರು. ಇವತ್ತಿಗೂ ಬರುವುದು ಹಳೆಯ ಸ್ಕೂಟರಿನಲ್ಲೇ. ನಾನು ಅವರ ಡಿಸೈನ್ ಎಂಜಿನಿಯರ್. ಇಲ್ಲಿಯವರೆಗೆ ನಾವು ಮಾಡಿದ್ದೆಲ್ಲ ಸಕ್ಕರೆ ಕಾರ್ಖಾನೆಗಳ, ಪಂಪ್‌ಹೌಸುಗಳ ಸವೆದ ಬೇರಿಂಗುಗಳಿಗೆ ಹೊಸ ಲೋಹ ಎರೆದು ಕೊಡುವ ರಿಪೇರಿ. ನನ್ನದೇ ವಿನ್ಯಾಸದ ಪ್ಯಾಡುಗಳು ಹೊರಗೆ ಹೋದದ್ದು ಇದೇ ಮೊದಲು.

ಅವನ್ನು ಕೇಳಿದವರು ಸ್ಲೊವೇನಿಯಾದ ಒಂದು ಕಣಿವೆಯ ಊರಿನವರು. ಅದರ ಹೆಸರು ಹೇಳಲು ನನ್ನ ನಾಲಿಗೆ ಇನ್ನೂ ಹೊರಳುವುದಿಲ್ಲ. ಊರಿಗೇ ಸೇರಿದ ಹಳೆಯ ವಿದ್ಯುದಾಗಾರದಲ್ಲಿ ಎರಡು ಯಂತ್ರಗಳು. ಎರಡನೆಯದಕ್ಕೆ ಮೊದಲಿಗಿಂತ ಭಾರವಾದ ಹೊಸ ಚಕ್ರ ಹಾಕಿಸಿದ ಮೇಲೆ ಅದರ ಬೇರಿಂಗು ಒಮ್ಮೆ ಸುಟ್ಟಿತ್ತು. ಮತ್ತೆ ಅದೇ ನಮೂನೆಯ ಪ್ಯಾಡು ಹಾಕಿಸಿದರೆ ಅದೂ ಸುಟ್ಟಿತು. ಇನ್ನೊಂದು ಸಲ ಸುಟ್ಟರೆ ಯಂತ್ರವನ್ನು ಕತ್ತರಿಸಿ ತೆಗೆದುಹಾಕುವುದು ಎಂದು ಊರಿನ ಸಭೆ ಗೊತ್ತುಮಾಡಿತ್ತು. ಅಂದರೆ ನಮ್ಮ ಪ್ಯಾಡುಗಳೇ ಅದರ ಕಡೆಯ ಅವಕಾಶ.

ಹಳೆಯ ಪ್ಯಾಡುಗಳಲ್ಲಿ ಬೆನ್ನಿನ ಗುಂಡಿ ನಟ್ಟನಡುವೆ ಇತ್ತು. ನಾನು ಅದನ್ನು ನಡುವಿನಿಂದ ಹಿಂದಿನ ಅಂಚಿನ ಕಡೆಗೆ ಒಂದಿಷ್ಟು ಸರಿಸಿದೆ. ಹಾಗೆ ಮಾಡಿದರೆ ಪ್ಯಾಡು ಚೆನ್ನಾಗಿ ವಾಲುತ್ತದೆ, ಎಣ್ಣೆಯ ಪದರ ದಪ್ಪವಾಗುತ್ತದೆ, ಹೆಚ್ಚಿನ ಭಾರ ಹೊರುತ್ತದೆ. ಒಂದೇ ಷರತ್ತು: ಯಂತ್ರ ಯಾವತ್ತೂ ಒಂದೇ ದಿಕ್ಕಿಗೆ ತಿರುಗಬೇಕು. ಯಾವ ದಿಕ್ಕು ಎಂದು ಕೇಳಿ ಬರೆದಿದ್ದೆ. ಗಡಿಯಾರದ ದಿಕ್ಕು ಎಂದು ಉತ್ತರ ಬಂತು. ನಮ್ಮಜ್ಜ ಅರಮನೆಯ ಗಡಿಯಾರಗಳಿಗೆ ಕೀಲಿ ಕೊಡುತ್ತಿದ್ದವರು. ಗಡಿಯಾರದ ದಿಕ್ಕು ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ ಎಂದುಕೊಂಡೆ.

ಲುಬ್ಲಿಯಾನಾ, ನೀಲಿ ಅಂಗಿಗಳು

ಪ್ಯಾಡುಗಳು ಮೊದಲೇ ಹಡಗಿನಲ್ಲಿ ಹೋಗಿದ್ದವು. ನಾವಿಬ್ಬರು ಹೋಗಬೇಕಾದದ್ದು ಯಂತ್ರ ಹೊರಡಿಸುವ ದಿನಕ್ಕೆ. ನನ್ನ ಪೆಟ್ಟಿಗೆಯಲ್ಲಿ ಸ್ವೆಟರು, ಚಟ್ನಿಪುಡಿ, ಅವಲಕ್ಕಿ. ಮಹದೇವಣ್ಣನ ಪೆಟ್ಟಿಗೆಯಲ್ಲಿ ಏನಿದೆ ಎಂದು ಗೊತ್ತಾದದ್ದು ಲುಬ್ಲಿಯಾನಾದ ವಿಮಾನ ನಿಲ್ದಾಣದಲ್ಲಿ, ಅಲ್ಲಿನ ಅಧಿಕಾರಿ ಅದನ್ನು ತೆರೆಸಿದಾಗ.

ಒಳಗೆಲ್ಲ ನೀಲಿ. ಅಂಗಿ ನೀಲಿ, ಪಂಚೆ ನೀಲಿ, ಹೆಂಡತಿ ಕಟ್ಟಿಕೊಟ್ಟ ಕೋಡುಬಳೆಯ ಡಬ್ಬಿಯೂ ನೀಲಿ. ಫಿಟ್ಟರುಗಳು ಲೋಹದ ಮೇಲ್ಮೈ ಮಟ್ಟವಾಗಿದೆಯೇ ಎಂದು ನೋಡಲು ಹಚ್ಚುವ ನೀಲಿ ಬಣ್ಣದ ಟ್ಯೂಬು ಒಡೆದುಹೋಗಿತ್ತು. ಆ ನೀಲಿಯ ನಡುವೆ ಬಟ್ಟೆ ಸುತ್ತಿದ ಎರಡು ಸ್ಕ್ರೇಪರ್, ಲೋಹವನ್ನು ತೆಳ್ಳಗೆ ಕೆರೆಯುವ ಕೈ ಉಳಿಗಳು. ಅಧಿಕಾರಿ ಒಂದನ್ನು ಎರಡು ಬೆರಳಲ್ಲಿ ಎತ್ತಿ ನಮ್ಮ ಮುಖ ನೋಡಿದ.

"ಇದ್ಯಾಕೆ ತಂದ್ರಿ ಮಹದೇವಣ್ಣ? ಪ್ಯಾಡೆಲ್ಲ ಮುಗಿಸೇ ಕಳಿಸಿದ್ದೀವಲ್ಲ," ಎಂದು ಕನ್ನಡದಲ್ಲಿ ರೇಗಿದೆ.

"ಇರ್ಲಿ ಬುಡಿ ಮೇಡಮ್ಮೋರೆ. ಬರಿಗೈಲಿ ಎಂಗ್ ಬರಾದು?" ಎಂದವರೇ ಅಧಿಕಾರಿಗೆ ಪಾಠ ಶುರುಮಾಡಿಬಿಟ್ಟರು. ಭಾಷೆಯ ಅಗತ್ಯವೇ ಬೀಳಲಿಲ್ಲ. ತಮ್ಮ ಒಂದು ಅಂಗೈಗೆ ನೀಲಿ ಸವರಿ, ಅಧಿಕಾರಿಯ ಅಂಗೈ ಹಿಡಿದು ಅದರ ಮೇಲೆ ಒತ್ತಿದರು. ಎಲ್ಲಿ ನೀಲಿ ಅಂಟಿತೋ ಅಲ್ಲಿ ಉಬ್ಬು; ಆ ಉಬ್ಬನ್ನು ಈ ಉಳಿಯಿಂದ ಕೆರೆಯಬೇಕು, ಮತ್ತೆ ಒತ್ತಿ ನೋಡಬೇಕು, ಮತ್ತೆ ಕೆರೆಯಬೇಕು. ಆತ ತನ್ನ ನೀಲಿ ಅಂಗೈಯನ್ನೇ ಸ್ವಲ್ಪ ಹೊತ್ತು ನೋಡಿಕೊಂಡ. ಆಮೇಲೆ ಮೀಸೆ ಒರೆಸಿಕೊಂಡು, ಮೀಸೆಗೂ ನೀಲಿ ಮಾಡಿಕೊಂಡು, ಹೋಗಿ ಎಂದು ಕೈ ಬೀಸಿದ. ಹೊರಗೆ ನಮ್ಮನ್ನು ಕರೆದೊಯ್ಯಲು ಬಂದಿದ್ದ ಮಾರ್ತಾ ಮೊದಲು ಕುಲುಕಿದ್ದು ಮಹದೇವಣ್ಣನ ಕೈಯನ್ನು. ಹಾಗಾಗಿ ಮೂವರಲ್ಲಿ ಇಬ್ಬರು ನೀಲಿಗೈಯಲ್ಲೇ ಕಾರು ಹತ್ತಿದರು.

ಮಾರ್ತಾ ಆ ವಿದ್ಯುದಾಗಾರದ ಮುಖ್ಯಸ್ಥೆ. ನನ್ನದೇ ವಯಸ್ಸು, ಗಟ್ಟಿ ಮೈಕಟ್ಟು, ಕಡಿಮೆ ಮಾತು. ಅವರ ಅಜ್ಜ, ಅಪ್ಪ ಕೂಡ ಅಲ್ಲೇ ಕೆಲಸ ಮಾಡಿದವರು. ನಮ್ಮ ಮಧ್ಯೆ ನಡೆದದ್ದು ಇಂಗ್ಲಿಷು. ಅದು ಇಬ್ಬರಿಗೂ ಪರಭಾಷೆಯಾದ್ದರಿಂದ ಚೆನ್ನಾಗಿಯೇ ಅರ್ಥವಾಗುತ್ತಿತ್ತು.

ಮಾರ್ತಾ ಮನೆ, ಒಳಗಿನ ಚಪ್ಪಲಿ

ನಮ್ಮಲ್ಲಿ ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗುತ್ತೇವೆ. ಇಲ್ಲಿ ಹೊರಗಿನ ಚಪ್ಪಲಿ ಬಿಟ್ಟು ಒಳಗಿನ ಚಪ್ಪಲಿ ಹಾಕಿಕೊಳ್ಳುತ್ತಾರೆ. ಬಾಗಿಲ ಬಳಿಯ ಪೆಟ್ಟಿಗೆಯಲ್ಲಿ ಬಂದವರಿಗೆಂದೇ ದಪ್ಪ ಉಣ್ಣೆಯ ಮೆಟ್ಟುಗಳ ರಾಶಿ. ನಾನು ಒಂದು ಜೊತೆ ಹುಡುಕಿ ಹಾಕಿಕೊಂಡೆ. ಮಹದೇವಣ್ಣ ಬರಿಗಾಲಲ್ಲೇ ನಡೆದುಬಿಟ್ಟರು.

ಮಾರ್ತಾಳ ತಾಯಿ ಅಡುಗೆಮನೆಯಿಂದ ಓಡಿ ಬಂದರು. ಬೆನ್ನು ಬಾಗಿದ, ಕಣ್ಣು ಚುರುಕಾದ ಮುದುಕಿ. ತಮ್ಮ ಭಾಷೆಯಲ್ಲಿ ದೊಡ್ಡದಾಗಿ ಗದರಿದರು. ತಣ್ಣನೆಯ ನೆಲ ಬರಿಗಾಲಲ್ಲಿ ತುಳಿದರೆ ಮೂತ್ರಪಿಂಡ ಕೆಡುತ್ತದಂತೆ. ಎದುರುಬದುರು ಎರಡು ಕಿಟಕಿ ತೆರೆದು ಕೂತರೆ ಕತ್ತು ಹಿಡಿಯುತ್ತದಂತೆ. ಮಾರ್ತಾ ಅನುವಾದಿಸಿದರು. ಮಹದೇವಣ್ಣ ಕೈಮುಗಿದು, "ದೇವ್ರಂತ ಮನೇಲಿ ಮೆಟ್ಟಾಕ್ಕಂಡ್ ಓಡಾಡಕಾಯ್ತದಾ ಅಮ್ಮ? ನಮ್ಗಾಗಕಿಲ್ಲ," ಎಂದರು. ಅದನ್ನು ನಾನು ಅನುವಾದಿಸಿದೆ. ಮುದುಕಿಗೆ ದೇವರ ಮಾತು ಹಿಡಿಸಿತು, ಬರಿಗಾಲು ಹಿಡಿಸಲಿಲ್ಲ. ನಾವಿದ್ದಷ್ಟು ದಿನವೂ ಒಂದು ಜೊತೆ ಉಣ್ಣೆಯ ಮೆಟ್ಟನ್ನು ಕೈಯಲ್ಲಿ ಹಿಡಿದು ಮಹದೇವಣ್ಣನ ಹಿಂದೆ ಮುಂದೆ ಸುಳಿಯುತ್ತಲೇ ಇದ್ದರು.

ಊಟಕ್ಕೆ ಬಕ್‌ವೀಟ್ ಎಂಬ ಕಂದು ಧಾನ್ಯದ ಹಿಟ್ಟನ್ನು ಕುದಿನೀರಲ್ಲಿ ತೊಳಸಿ ಮಾಡಿದ ಗಟ್ಟಿ ಅಡುಗೆ, ಮೇಲೆ ಹುಳಿಹಾಲು. ಮಹದೇವಣ್ಣನ ಕಣ್ಣು ಅರಳಿತು. "ಮುದ್ದೆ ಕಣ್ರೀ!" ಎಂದು ಒಂದು ತುತ್ತು ಉಂಡೆ ಕಟ್ಟಿ ಅಗಿಯದೆ ನುಂಗಿದರು. ಅದು ರಾಗಿಯ ಹಾಗೆ ನುಣ್ಣಗಿರಲಿಲ್ಲ, ಪುಡಿಪುಡಿ. ಗಂಟಲಲ್ಲಿ ನಿಂತಿತು. ನೀರು ಕುಡಿಸಿ ಬೆನ್ನು ತಟ್ಟಬೇಕಾಯಿತು.

ಅದರ ಬೆನ್ನಿಗೇ ಬಿಸಿ ಸೂಪಿನ ಬಟ್ಟಲು ಬಂತು. ಚೆಲ್ಲಿದ ನೀರಿನಿಂದ ಮೇಜಿನ ಕಲ್ಲು ಒದ್ದೆಯಾಗಿತ್ತು. ಬಟ್ಟಲನ್ನು ಇಟ್ಟದ್ದೇ ತಡ, ಯಾರೂ ಮುಟ್ಟದಿದ್ದರೂ ಅದು ಮೆಲ್ಲಗೆ ಜಾರುತ್ತ ಮೇಜಿನ ಅಂಚಿನವರೆಗೆ ಬಂದುಬಿಟ್ಟಿತು. ಮುದುಕಿ ಹಿಡಿದುಕೊಂಡರು. ನಮ್ಮ ಮನೆಯ ಅಡುಗೆಕಟ್ಟೆಯ ಮೇಲೂ ಸಾರಿನ ಬಟ್ಟಲು ಹೀಗೇ ತಾನಾಗಿ ಹೊರಟುಬಿಡುತ್ತದೆ. ಬಟ್ಟಲ ತಳದಲ್ಲಿ ಸಿಕ್ಕಿಕೊಂಡ ಗಾಳಿ ಬಿಸಿಯಾಗಿ ಹಿಗ್ಗಿ, ನೀರಿನ ಪದರದ ಮೇಲೆ ಅದನ್ನು ಎತ್ತುತ್ತದೆ. ನಾನೂ ಮಾರ್ತಾಳೂ ಒಟ್ಟಿಗೆ ನಕ್ಕೆವು. ಇಷ್ಟು ದೂರ ಬಂದು ಕೂರಿಸಲಿದ್ದ ಬೇರಿಂಗಿನ ತಂಗಿಯೇ ಅದು.

ವಿದ್ಯುದಾಗಾರ

ಹೊಳೆಯ ನೀರು ಹಸಿರು. ಕಾವೇರಿಯನ್ನು ನೋಡಿ ಬೆಳೆದ ಕಣ್ಣಿಗೆ ನೀರಿಗೆ ಆ ಬಣ್ಣ ಇರಬಹುದು ಎಂದು ನಂಬಲು ಸ್ವಲ್ಪ ಸಮಯ ಹಿಡಿಯಿತು. ಹೊಳೆಯ ಪಕ್ಕ ಚರ್ಚಿನಂಥ ಎತ್ತರದ ಕಿಟಕಿಗಳ ಕಟ್ಟಡ. ಅದರ ಬಾಗಿಲಲ್ಲೂ ಉಣ್ಣೆಯ ಮೆಟ್ಟುಗಳು! ಹೊರಗಿನ ಒಂದು ಮರಳಿನ ಕಾಳು ಎಣ್ಣೆಗೆ ಬಿದ್ದರೆ ಆ ಕೂದಲೆಳೆಯ ಪದರಕ್ಕೆ ಅದೇ ಬಂಡೆ. ಹಾಗಾಗಿ ಇಲ್ಲಿ ಮಾತ್ರ ಮಹದೇವಣ್ಣ ತಕರಾರಿಲ್ಲದೆ ಮೆಟ್ಟು ಹಾಕಿಕೊಂಡರು.

ಮೊದಲ ಯಂತ್ರ ತಿರುಗುತ್ತಿತ್ತು. ಸುತ್ತ ಮುಚ್ಚಿದ ಕಬ್ಬಿಣದ ಗೋಡೆಯಿದ್ದುದರಿಂದ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಸದ್ದೂ ಅಷ್ಟಕ್ಕಷ್ಟೆ, ದೂರದಲ್ಲಿ ಯಾರೋ ತಂಬೂರಿ ಶ್ರುತಿ ಹಿಡಿದ ಹಾಗೆ. ಅಂಗೈ ಇಟ್ಟರೆ ಬೆಚ್ಚಗಿನ ಒಂದು ನಡುಕ. ಅರಮನೆಯ ಆನೆಗಳನ್ನೆಲ್ಲ ಒಟ್ಟಿಗೆ ತೂಗಿದರೂ ಸಾಟಿಯಾಗದ ಭಾರ ಆ ಗೋಡೆಯ ಹಿಂದೆ ಯಾವುದನ್ನೂ ಮುಟ್ಟದೆ ತಿರುಗುತ್ತಿತ್ತು.

ಮಾರ್ತಾ ಗೋಡೆಯಲ್ಲಿ ತೂಗುಹಾಕಿದ್ದ ಒಂದು ಪ್ಯಾಡನ್ನು ತೋರಿಸಿದರು. ಮೊದಲ ಯಂತ್ರದ ಹುಟ್ಟಿನ ಜತೆ ಬಂದದ್ದು. ಅವರ ಅಪ್ಪನ ಕಾಲದಲ್ಲಿ ತಪಾಸಣೆಗೆಂದು ಹೊರತೆಗೆದರಂತೆ. ತೆಗೆದವರು ನೋಡಿ, ದಂಗಾಗಿ, ಅದರ ಜಾಗಕ್ಕೆ ಬದಲಿಯೊಂದನ್ನು ಹಾಕಿ ಇದನ್ನು ಗೋಡೆಗೇರಿಸಿದರಂತೆ. ಹತ್ತಿರ ಹೋಗಿ ನೋಡಿದೆ. ಬಿಳಿ ಲೋಹದ ಮೇಲೆ ಕೈ ಉಳಿಯಿಂದ ಕೆರೆದ ಸಣ್ಣ ಸಣ್ಣ ಅರ್ಧಚಂದ್ರದ ಗೀರುಗಳು, ಸಾಲುಸಾಲಾಗಿ. ಒಂದೂ ಮಾಸಿರಲಿಲ್ಲ. ಎರಡು ತಲೆಮಾರು ಯಂತ್ರ ಅದರ ಮೇಲೆ ತಿರುಗಿತ್ತು, ಮತ್ತು ಒಂದು ಗೀರನ್ನೂ ಅಳಿಸಿರಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡದ್ದು ಗೊತ್ತಾಗಬಾರದೆಂದು ಕನ್ನಡಕ ತೆಗೆದು ಒರೆಸಿದೆ.

ಮಹದೇವಣ್ಣ ಗೀರಿನ ಓರೆಯನ್ನೇ ನೋಡುತ್ತಿದ್ದರು. "ಎಡಗೈಯವ್ನು ಇವ್ನು," ಎಂದರು ಮೆತ್ತಗೆ. "ಪುಣ್ಯಾತ್ಮ ಎಂಗ್ ಕೆರ್ದವ್ನೆ ನೋಡಿ. ಸತ್ತು ಎಷ್ಟು ವರ್ಸ ಆಯ್ತೋ, ಕೈ ಇನ್ನೂ ಇಲ್ಲೇ ಅದೆ."

ಸುತ್ತು

ಎರಡನೆಯ ಯಂತ್ರ ಪಕ್ಕದಲ್ಲಿ ಸುಮ್ಮನೆ ನಿಂತಿತ್ತು. ನಮ್ಮ ಪ್ಯಾಡುಗಳನ್ನು ಅವರ ಜನ ಆಗಲೇ ಕೂರಿಸಿದ್ದರು. ಮರುದಿನ ಬೆಳಗ್ಗೆ ನೀರು ಬಿಡುವುದೆಂದು ನಿಶ್ಚಯವಾಗಿತ್ತು.

ಮಹದೇವಣ್ಣ ಜೇಬಿನಿಂದ ಕುಂಕುಮದ ಪೊಟ್ಟಣ ತೆಗೆದರು. ಹೆಬ್ಬಾಳದ ಯಾವ ಶೆಡ್ಡಿನಲ್ಲೂ ಹೊಸ ಕೆಲಸ ಕುಂಕುಮವಿಲ್ಲದೆ ಹೊರಡುವುದಿಲ್ಲ. ಪುಡಿ ಕಂಡು ಮಾರ್ತಾ ಬೆಚ್ಚಿಬಿದ್ದರು. ಇಲ್ಲಿ ಪುಡಿ ಕೂಡದು ಎಂದರು. ಇವರೂ ಒಪ್ಪಿ ಪೊಟ್ಟಣ ಒಳಗಿಟ್ಟರು. "ಓಗ್ಲಿ ಬುಡಿ, ಒಂದ್ ಸುತ್ತಾದ್ರೂ ಬತ್ತೀನಿ," ಎಂದು ಕೈಮುಗಿದು ಯಂತ್ರವನ್ನು ಬಲಕ್ಕೆ ಇಟ್ಟುಕೊಂಡು ಪ್ರದಕ್ಷಿಣೆ ಹೊರಟರು.

ನಾಲ್ಕು ಹೆಜ್ಜೆ ಹೋಗಿರಲಿಕ್ಕಿಲ್ಲ, ಮಾರ್ತಾ ಹೋಗಿ ಮೊಣಕೈ ಹಿಡಿದರು. "ಹಾಗಲ್ಲ, ಹೀಗೆ," ಎಂದು ಅವರನ್ನು ಹಿಂದಕ್ಕೆ ತಿರುಗಿಸಿದರು.

"ಏ, ಅಪ್ರದಕ್ಷಿಣೆ ಸುತ್ತಬಾರ್ದು ಕಣಮ್ಮ! ಉಲ್ಟಾ ಆಯ್ತದೆ," ಎಂದು ಇವರು ಕಾಲೂರಿ ನಿಂತರು. ಮಾರ್ತಾ ಮೊಣಕೈ ಬಿಡಲಿಲ್ಲ. ನಾನು ನಗುತ್ತ ಇಬ್ಬರ ಮಾತನ್ನೂ ಅತ್ತಿಂದಿತ್ತ ದಾಟಿಸುತ್ತಿದ್ದೆ.

"ಇದು ನಮ್ಮ ಮನೆಯ ನಿಯಮ," ಎಂದರು ಮಾರ್ತಾ. "ದಂಡಕ್ಕೆ ಮುಚ್ಚಳವಿಲ್ಲದಿದ್ದ ಕಾಲದಲ್ಲಿ ಅಜ್ಜ ಮಾಡಿದ್ದು. ಯಂತ್ರ ತಿರುಗುವ ಕಡೆಗೇ ನಾವೂ ನಡೆಯಬೇಕು. ಎದುರಾಗಿ ನಡೆದರೆ ಕೋಟಿನ ಅಂಚನ್ನು ಎಳೆದುಕೊಳ್ಳುತ್ತದೆ. ನೋಡಿ ನೆಲವನ್ನು, ಎಲ್ಲರೂ ಎಡಕ್ಕೇ ಸುತ್ತಿ ಸುತ್ತಿ ಬಣ್ಣ ಸವೆದಿದೆ."

ನನ್ನ ನಗು ಅರ್ಧಕ್ಕೇ ನಿಂತಿತು. "ಯಂತ್ರ ತಿರುಗುವ ಕಡೆಗೆ ಅಂದಿರಾ?"

"ಹೌದು."

ನಾನು ಮೆಟ್ಟಿಲಿಳಿದು ಕೆಳಗಿನ ಅಂತಸ್ತಿಗೆ ಹೋದೆ. ಅಲ್ಲಿ ಮೊದಲ ಯಂತ್ರದ ದಂಡವನ್ನು ನೋಡಲು ಒಂದು ಗಾಜಿನ ಕಿಂಡಿಯಿತ್ತು. ಹೊಳೆಯುವ ದಂಡದ ಮೇಲೆ ಒಂದು ಬಣ್ಣದ ಗುರುತು ಮಿಂಚಿ ಮಿಂಚಿ ಹೋಗುತ್ತಿತ್ತು. ಎಡದಿಂದ ಬಂದು ಬಲಕ್ಕೆ ಹೋಗುತ್ತಿತ್ತು. ಅಂದರೆ ಮೇಲಿನಿಂದ ನೋಡಿದರೆ ಗಡಿಯಾರಕ್ಕೆ ವಿರುದ್ಧ. ಮೆಟ್ಟಿಲ ಮೇಲೇ ಕೂತೆ.

ಮಾರ್ತಾ ಹಿಂದೆಯೇ ಇಳಿದು ಬಂದಿದ್ದರು. "ನಾಳೆ ಯಂತ್ರ ಹೊರಡಿಸಬೇಡಿ," ಎಂದೆ. "ಎರಡನೆಯದೂ ಹೀಗೇ ತಿರುಗುತ್ತದೆಯೇ?"

"ಎರಡೂ ಅವಳಿ."

"ಗಡಿಯಾರದ ದಿಕ್ಕು ಎಂದು ಬರೆದಿದ್ದಿರಿ."

"ಗಡಿಯಾರದ ದಿಕ್ಕೇ. ನೀರಿನ ಕಡೆಯಿಂದ ನೋಡಿದರೆ."

"ನೀರು ಕೆಳಗಿದೆ, ಮಾರ್ತಾ."

"ನಾವು ಯಾವತ್ತೂ ನೀರಿನ ಕಡೆಯಿಂದಲೇ ನೋಡುವುದು," ಎಂದರು ಅವರು. ಆಮೇಲೆ ಅವರ ಮುಖವೂ ಬಿಳಿಚಿತು.

ನಾವು ದೇವರನ್ನಾಗಲಿ ಗಡಿಯಾರವನ್ನಾಗಲಿ ಕೆಳಗಿನಿಂದ ನೋಡಿದವರಲ್ಲ. ಸುತ್ತು ಎಂದರೆ ಮೇಲಿನಿಂದ ಕಂಡ ಹಾಗೆ ಬಲಕ್ಕೆ ಎಂದು ನಮ್ಮ ಕಾಲಿಗೇ ಅಭ್ಯಾಸವಾಗಿಹೋಗಿದೆ. ಆ ಅಭ್ಯಾಸವೇ ನನ್ನ ಲೆಕ್ಕದೊಳಗೆ ಕೂತುಬಿಟ್ಟಿತ್ತು. ಹಳೆಯ ಪ್ಯಾಡುಗಳಲ್ಲಿ ಗುಂಡಿ ನಡುವಿದ್ದುದರಿಂದ ಅವು ಎತ್ತ ತಿರುಗಿದರೂ ಒಂದೇ. ಹಾಗಾಗಿ ದಿಕ್ಕು ಇವರಿಗೆ ಯಾವತ್ತೂ ದೊಡ್ಡ ಪ್ರಶ್ನೆಯಾಗಿರಲೇ ಇಲ್ಲ. ಮರುದಿನ ನೀರು ಬಿಟ್ಟಿದ್ದರೆ ನನ್ನ ಪ್ಯಾಡುಗಳು ಎಣ್ಣೆಗೆ ಬಾಗಿಲು ತೆರೆಯುವ ಬದಲು ಬಾಗಿಲು ಹಾಕಿಕೊಂಡು ನಿಲ್ಲುತ್ತಿದ್ದವು. ಬಿಳಿ ಲೋಹ ಬೆಣ್ಣೆಯಂತೆ ಕರಗಿ ಹೋಗುತ್ತಿತ್ತು. ಊರಿನವರು ಯಂತ್ರಕ್ಕೆ ಗರಗಸ ಹಾಕುತ್ತಿದ್ದರು.

ಮಹದೇವಣ್ಣನಿಗೆ ವಿಷಯ ತಿಳಿಸಿದಾಗ ಅವರು ಮೊದಲ ಸಲ ನನ್ನ ಮೇಲೆ ಸಿಟ್ಟಾದರು. "ಅಷ್ಟೊಂದ್ ಲೆಕ್ಕ ಮಾಡುದ್ರಲ್ಲ ಮೇಡಮ್ಮೋರೆ, ಎತ್ಲಾಗ್ ತಿರುಗ್ತದೆ ಅಂತ ಒಂದ್ ಮಾತು ಕೇಳ್ನಿಲ್ವಾ?"

"ಕೇಳಿದ್ದೆ ಕಣ್ರೀ ಮಹದೇವಣ್ಣ."

"ಎಲ್ ನಿಂತ್ಕಂಡು ನೋಡ್ದಾಗ ಅಂತ ಕೇಳುದ್ರಾ?"

ಗಡಿಯಾರದ ಮನೆತನದವಳು ತಲೆತಗ್ಗಿಸಿ ನಿಂತೆ.

ಕಣಿವೆಯ ಗರಗಸದ ಅಂಗಡಿ

ಯಂತ್ರ ಹೊರಡಿಸುವುದನ್ನು ಮುಂದೂಡಲು ಸಭೆಯವರು ಒಪ್ಪಿದ್ದು ಮಾರ್ತಾಳ ಮಾತಿಗೆ. ಅವರ ಮುಖ ನೋಡಿದರೆ ಇನ್ನೊಮ್ಮೆ ಒಪ್ಪುವಂತೆ ಕಾಣಲಿಲ್ಲ.

ಊರಿನಲ್ಲಿ ಮರ ಕೊಯ್ಯುವ ಯಂತ್ರಗಳನ್ನು ರಿಪೇರಿ ಮಾಡುವ ಒಂದು ಅಂಗಡಿಯಿತ್ತು. ಲೇತು, ಕೊರೆಯುವ ಯಂತ್ರ ಎಲ್ಲ ಇದ್ದವು, ಗೋಡೆಯ ಮೇಲೆ ಜೇನುಪೆಟ್ಟಿಗೆಯ ಚಿತ್ರಗಳಿದ್ದವು. ಪ್ಯಾಡುಗಳನ್ನು ಹೊರತೆಗೆದು ಅಲ್ಲಿಗೆ ಹೊತ್ತೆವು. ಮಾಡಬೇಕಾದದ್ದು ಎರಡು ಕೆಲಸ. ಬೆನ್ನಿನ ಗುಂಡಿಯನ್ನು ಕಿತ್ತು, ನಡುವಿನಿಂದ ಅಷ್ಟೇ ದೂರದಲ್ಲಿ ಆಚೆ ಬದಿಗೆ ಹೊಸ ಕುಳಿ ಕೊರೆದು ಕೂರಿಸುವುದು. ಎರಡನೆಯದು, ಎಣ್ಣೆ ಈಗ ಒಳನುಗ್ಗುವ ಅಂಚು ಚೂಪಾಗಿ ಉಳಿದಿತ್ತು. ಅದನ್ನು ಕೈಯಿಂದ ಕೆರೆದು ನಯವಾಗಿ ಇಳಿಜಾರು ಮಾಡುವುದು. ಗುಂಡಿಯ ಕೆಲಸ ಅಂಗಡಿಯವರು ಮಾಡಿದರು. ನಾನು ಪ್ರತಿ ಕುಳಿಯ ಪಕ್ಕದಲ್ಲೂ ನಿಂತು ಅಳೆದೆ, ಅಳೆದದ್ದನ್ನೇ ಮತ್ತೆ ಅಳೆದೆ. ಪ್ರತಿ ಪ್ಯಾಡಿನ ಬೆನ್ನಿಗೂ ಬಾಣ ಕೊರೆಸಿದೆ. ಬಾಣದ ಪಕ್ಕದಲ್ಲಿ "ಮೇಲಿನಿಂದ ನೋಡಿದಂತೆ" ಎಂದು ಅವರ ಭಾಷೆಯಲ್ಲಿ ಮಾರ್ತಾ ಕೊರೆದರು.

ಕೆರೆಯಲು ಅಲ್ಲಿ ಯಾರ ಬಳಿಯೂ ಸರಿಯಾದ ಉಳಿಯಿರಲಿಲ್ಲ. ಮಹದೇವಣ್ಣ ತಮ್ಮ ನೀಲಿ ಅಂಗಿಯ ತೋಳು ಮಡಚಿ, ಬಟ್ಟೆಯ ಗಂಟು ಬಿಚ್ಚಿದರು. ನನ್ನ ಕಡೆ ನೋಡಲಿಲ್ಲ, ಅಷ್ಟು ದಾಕ್ಷಿಣ್ಯ ಅವರಿಗಿದೆ. ಅಂಚಿನ ಕೆಲಸ ಮುಗಿಸಿ, ಇಷ್ಟು ಓಡಾಡಿಸಿದ ಮೇಲೆ ಪ್ಯಾಡಿನ ಮುಖವನ್ನೂ ಒಮ್ಮೆ ನೋಡಿಯೇಬಿಡೋಣ ಎಂದರು. ಉಳಿದಿದ್ದ ನೀಲಿ ಸವರಿ, ಒತ್ತಿ, ಕೆರೆದರು. ಮತ್ತೆ ಒತ್ತಿ ಕೆರೆದರು. ಉಳಿ ಒಂದೊಂದು ಸಲ ಸರಿದಾಗಲೂ ಹೊಸ ಅರ್ಧಚಂದ್ರ. ಮುಂಜಾನೆಯ ಚಹಾದ ಹೊತ್ತಿಗೇ ಅಲ್ಲಿನವರು ಗಟ್ಟಿ ಊಟ ಮಾಡುತ್ತಾರೆ. ಆ ಹೊತ್ತಿಗೆ ಮಾರ್ತಾಳ ತಾಯಿ ಬುಟ್ಟಿ ಹಿಡಿದು ಬಂದರು. ಇವರು ಮೆಟ್ಟು ಕಳಚಿ ಬರಿಗಾಲಲ್ಲಿ ಕೂತು ಕೆರೆಯುವುದನ್ನು ಕಂಡು, ಬಗ್ಗಿ, ಆ ಕಾಲುಗಳಿಗೆ ತಾವೇ ಉಣ್ಣೆಯ ಮೆಟ್ಟು ತೊಡಿಸಿದರು. ಮಹದೇವಣ್ಣ ಈ ಸಲ ತಕರಾರು ಮಾಡಲಿಲ್ಲ. "ನಮ್ಮವ್ವ ಇದ್ದಿದ್ರೂ ಇಂಗೇ ಬೈಯೋಳು," ಎಂದು ನನಗೆ ಹೇಳಿ ಮತ್ತೆ ಉಳಿ ಹಿಡಿದರು.

ನೀರು ಬಿಟ್ಟ ಬೆಳಗು

ಊರಿನವರು ಉಣ್ಣೆಯ ಮೆಟ್ಟು ಹಾಕಿಕೊಂಡು ಕಟಕಟೆಯುದ್ದಕ್ಕೂ ನಿಂತಿದ್ದರು. ಸಭೆಯವರು ಕೈಕಟ್ಟಿ ಮುಂದಿನ ಸಾಲಿನಲ್ಲಿ. ಮುದುಕಿಗೆ ಮಾತ್ರ ಕುರ್ಚಿ ಹಾಕಿದ್ದರು. ಸತ್ತುಹೋದ ಗಂಡ ಬದುಕೆಲ್ಲ ಈ ಯಂತ್ರದ ಪಕ್ಕದಲ್ಲೇ ಕಳೆದಿದ್ದರಿಂದ ಆ ಕುರ್ಚಿ ಅವರಿಗೆ ಮೀಸಲು.

ಮೊದಲು ಜಾಕಿಗಳಿಂದ ಇಡೀ ಚಕ್ರವನ್ನು ಕೂದಲೆಳೆಯಷ್ಟು ಎತ್ತಿ ಇಳಿಸಿದರು, ಪ್ಯಾಡುಗಳ ಮೇಲೆ ಎಣ್ಣೆ ಹರಡಿಕೊಳ್ಳಲೆಂದು. ಬೇರಿಂಗಿಗೆ ಗಂಡಾಂತರದ ಗಳಿಗೆ ಮೊದಲ ಕೆಲವು ಸುತ್ತು. ಆಗ ಇನ್ನೂ ವೇಗವಿಲ್ಲ, ವೇಗವಿಲ್ಲದೆ ಪದರವಿಲ್ಲ. ಮಾರ್ತಾ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ.

ನೀರು ಬಂತು. ನೆಲದಡಿ ಎಲ್ಲೋ ಒಂದು ನರಳಿಕೆ. ಲೋಹ ಲೋಹವನ್ನು ಉಜ್ಜುವ ಒರಟು ಸದ್ದು, ಒಂದು ಕ್ಷಣ, ಇನ್ನೊಂದು ಕ್ಷಣ. ಆಮೇಲೆ ಸದ್ದು ನಿಂತುಹೋಯಿತು. ಯಂತ್ರ ನಿಂತಿರಲಿಲ್ಲ! ಕೆಂಪು ದೀಪದಡಿಯ ಮುಳ್ಳು ವೇಗವನ್ನು ತೋರಿಸುತ್ತ ಏರುತ್ತಲೇ ಇತ್ತು. ಎದ್ದು ನಿಂತಿತ್ತು ಅದು, ಎಣ್ಣೆಯ ಮೇಲೆ. ಅದನ್ನು ಎತ್ತಿದವರು ಯಾರೂ ಇಲ್ಲ. ಒತ್ತುವ ಪಂಪಿಲ್ಲ, ಹಿಡಿಯುವ ಕೈಯಿಲ್ಲ. ತಾನು ತಿರುಗುವುದರಿಂದಲೇ ತನ್ನನ್ನು ಎತ್ತಿಕೊಳ್ಳುತ್ತದೆ, ತಿರುಗುವಷ್ಟು ಹೊತ್ತೂ ತೇಲುತ್ತದೆ. ಇದನ್ನು ನಾನು ಎಷ್ಟೋ ಸಲ ಕಾಗದದ ಮೇಲೆ ಸಾಧಿಸಿದ್ದೆ. ಕಣ್ಣೆದುರಿಗೆ ಆದಾಗ ಮಾತ್ರ ಇದು ನನ್ನ ಲೆಕ್ಕಕ್ಕಿಂತ ಬಹಳ ಹಳೆಯದು, ಬಹಳ ದೊಡ್ಡದು ಅನ್ನಿಸಿತು.

ಪ್ಯಾಡಿನ ಬಿಸಿಯನ್ನು ತೋರಿಸುವ ಮುಳ್ಳು ಏರಿತು. ಹಿಂದಿನ ಎರಡು ಸಲವೂ ಏರಿದ್ದು ನಿಲ್ಲದೆ ಹೋಗಿತ್ತಂತೆ. ಮಾರ್ತಾ ಅದರ ಮುಂದೆ ಕಂಬದಂತೆ ನಿಂತರು. ಏರಿತು, ಇನ್ನಷ್ಟು ಏರಿತು, ಆಮೇಲೆ ನಿಂತಿತು. ನೋಡುತ್ತ ನೋಡುತ್ತ ಕೊಂಚ ಕೆಳಕ್ಕೇ ಇಳಿಯಿತು. ಆಗ ಮಾರ್ತಾ ನಮ್ಮ ಕಡೆ ತಿರುಗಿ ತೋಳಿನಿಂದ ಮುಖ ಒರೆಸಿಕೊಂಡರು.

ಮತ್ತೆ ತೆರೆದು ನೋಡಿದ್ದು

ಆದರೂ ಸಭೆಯವರಿಗೆ ಕಣ್ಣಾರೆ ನೋಡಬೇಕಿತ್ತು. ಒಂದು ಇಡೀ ಹಗಲು ತಿರುಗಿಸಿ, ಮಾರನೆಯ ದಿನ ನಿಲ್ಲಿಸಿ, ಒಂದು ಪ್ಯಾಡನ್ನು ಹೊರಗೆಳೆದರು. ಎಣ್ಣೆ ತೊಟ್ಟಿಕ್ಕುತ್ತಿದ್ದ ಅದನ್ನು ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲಿಟ್ಟು ಮಾರ್ತಾ ಒರೆಸಿದರು.

ಮಹದೇವಣ್ಣ ಕೆರೆದ ಅರ್ಧಚಂದ್ರಗಳು ಸಾಲುಸಾಲಾಗಿ ಹಾಗೇ ಇದ್ದವು. ಅಂಚಿನ ಬಳಿಯ ತೀರಾ ತೆಳುವಾದ ಗೀರೂ ಮಾಸಿರಲಿಲ್ಲ. ಅವರು ಉಗುರಿನಿಂದ ಒಂದನ್ನು ಮುಟ್ಟಿ ನೋಡಿದರು. ಆಮೇಲೆ ಗೋಡೆಯ ಮೇಲಿದ್ದ ಎಡಗೈಯವನ ಪ್ಯಾಡಿನ ಕಡೆ ತಿರುಗಿದರು. ಸಭೆಯ ಹಿರಿಯ ಕಟ್ಟಿದ್ದ ಕೈ ಬಿಚ್ಚಿ ತಲೆಯಿಂದ ಟೋಪಿ ತೆಗೆದ.

ಪ್ಯಾಡು ಒಳಗೆ ಹೋಯಿತು. ಯಂತ್ರ ಮತ್ತೆ ನರಳಿ, ಎದ್ದು, ತಿರುಗಿತು. ನಮ್ಮ ಕಾರು ಹೊರಗೆ ಕಾಯುತ್ತಿತ್ತು. ಮಹದೇವಣ್ಣ ಹೋಗುವ ಬದಲು ಉಣ್ಣೆಯ ಮೆಟ್ಟುಗಳನ್ನು ಕಳಚಿ ಗೋಡೆಯ ಪಕ್ಕ ಜೋಡಿಸಿಟ್ಟರು.

"ಬನ್ನಿ ಮೇಡಮ್ಮೋರೆ, ಒಂದ್ ಸುತ್ತು ಬಂದ್ಬುಡವಾ."

ನಾನೂ ಮೆಟ್ಟು ಬಿಟ್ಟು ಹೋದೆ. ಅವರು ಯಂತ್ರವನ್ನು ಎಡಕ್ಕಿಟ್ಟುಕೊಂಡು ನಿಂತಿದ್ದರು. "ಮಹದೇವಣ್ಣ, ಅಪ್ರದಕ್ಷಿಣೆ ಆಗುತ್ತಲ್ರೀ," ಎಂದು ಛೇಡಿಸಿದೆ.

"ಆಗ್ಲಿ ಬುಡಿ. ಇದು ಎತ್ಲಾಗ್ ತಿರುಗ್ತದೋ ಅತ್ಲಾಗೇ ನಾವೂನು," ಎಂದು ಕೈಮುಗಿದು ಹೊರಟರು. ನಾನು ಹಿಂದೆ, ನನ್ನ ಹಿಂದೆ ಮಾರ್ತಾ.

ಅರ್ಧ ಸುತ್ತು ಬಂದಾಗ ಬೆನ್ನ ಹಿಂದೆ ಕುರ್ಚಿ ಸರಿದ ಸದ್ದು ಕೇಳಿ ತಿರುಗಿ ನೋಡಿದೆ. ಮಾರ್ತಾಳ ತಾಯಿ ಗೋಡೆಗೆ ಒಂದು ಕೈಯೂರಿಕೊಂಡು ತಮ್ಮ ಮೆಟ್ಟುಗಳನ್ನು ಒಂದೊಂದಾಗಿ ಕಳಚಿದರು. ನಮ್ಮ ಮೆಟ್ಟುಗಳ ಪಕ್ಕದಲ್ಲೇ ಅವನ್ನು ಇಟ್ಟರು. ಆಮೇಲೆ ಆ ತಣ್ಣನೆಯ ನೆಲದ ಮೇಲೆ ಬರಿಗಾಲೂರಿ, ಎರಡೂ ಕೈ ಜೋಡಿಸಿ, ನಮ್ಮ ಹಿಂದೆ ನಡೆಯತೊಡಗಿದರು.